ಊಟದ ಬೆನ್ನಿಗೇ ಚಹಾ ಬೇಡ

ಸೊಪ್ಪು ತಿನ್ನಿ, ಕಾಳು ತಿನ್ನಿ, ರಕ್ತ ಹೆಚ್ಚುತ್ತದೆ ಎಂದು ಸಲಹೆ ಕೊಡುವವರು ಬಹಳ. ಅದರ ಮೇಲೆ ಏನು ಕುಡಿಯುತ್ತೀರಿ ಎಂದು ಕೇಳುವವರು ಕಡಿಮೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಕರುಳು ಹೀರಿಕೊಂಡದ್ದಷ್ಟೇ ನಮ್ಮದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಹಲವು ಕಾರಣಗಳಿವೆ. ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಮುಖ್ಯವಾದದ್ದು.

ಜಠರದಲ್ಲಿ ಅರೆದು ಕಲಸಿದ ಆಹಾರ ಸಣ್ಣ ಕರುಳಿಗೆ ಇಳಿಯುತ್ತದೆ. ಈ ಕರುಳಿನ ಉದ್ದ ಸುಮಾರು 6 ಮೀಟರ್. ಆದರೆ ಕಬ್ಬಿಣಾಂಶ ಹೀರಲ್ಪಡುವುದು ಹೆಚ್ಚಾಗಿ ಅದರ ಆರಂಭದ ಸಣ್ಣ ಭಾಗದಲ್ಲಿ. ಅಲ್ಲಿ ತಪ್ಪಿಹೋದದ್ದು ಬಹುಪಾಲು ಮಲದ ಜೊತೆ ಹೊರಹೋಗುತ್ತದೆ. ಮಾಂಸ, ಮೀನಿನ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಸೊಪ್ಪು, ರಾಗಿ, ಬೇಳೆಯದ್ದು ಹಾಗಲ್ಲ. ಚಹಾ, ಕಾಫಿಯಲ್ಲಿರುವ ಒಗರು ಅಂಶಗಳು ಅದನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ನಿಂಬೆ, ನೆಲ್ಲಿಕಾಯಿ, ಪೇರಳೆಯ ಸಿ ವಿಟಮಿನ್ ಅದೇ ಕಬ್ಬಿಣಾಂಶವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ.

ಈಗ ನಮ್ಮ ಮನೆಗಳನ್ನು ನೋಡೋಣ. ಮಾಂಸದ ತುಂಡುಗಳು ಅತಿಥಿಗಳ, ಗಂಡಸರ, ಮಕ್ಕಳ ತಟ್ಟೆ ಸೇರಿ, ಕೊನೆಗೆ ಉಣ್ಣುವವಳಿಗೆ ಸಾರು ಮಾತ್ರ ಉಳಿಯುವ ಮನೆಗಳು ಕಡಿಮೆಯೇನಿಲ್ಲ. ದಣಿವಾಯಿತೆಂದು ಆಕೆ ಊಟದ ಬೆನ್ನಿಗೇ ಒಂದು ಲೋಟ ಚಹಾ ಕುಡಿಯುತ್ತಾಳೆ. ಆ ದಣಿವಿಗೆ ರಕ್ತಹೀನತೆಯೇ ಕಾರಣವಾಗಿದ್ದರೆ, ಮದ್ದೆಂದು ಕುಡಿದ ಚಹಾ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದನ್ನು ಆಕೆಯ ಅಜಾಗ್ರತೆ ಎಂದು ಕರೆಯುವುದು ಅನ್ಯಾಯ. ಬಡಿಸುವ ಕ್ರಮವನ್ನು ಇಡೀ ಮನೆ ಬದಲಿಸಬೇಕು.

ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಉಚಿತವಾಗಿ ಸಿಗುತ್ತದೆ. ಆದರೆ ಮಾತ್ರೆ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಚಹಾ, ಹಾಲಿನ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ, ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ ಎಂದು ಪ್ರತಿ ಬಾರಿಯೂ ಬಾಯಿಬಿಟ್ಟು ಹೇಳಬೇಕು.

ಚಹಾ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಬೇಳೆ, ಸೊಪ್ಪಿನ ಪದಾರ್ಥಕ್ಕೆ ನಿಂಬೆ ಹಿಂಡಿ, ಅದೂ ಒಲೆಯಿಂದ ಇಳಿಸಿದ ಮೇಲೆ, ಏಕೆಂದರೆ ಬಿಸಿಗೆ ಸಿ ವಿಟಮಿನ್ ನಾಶವಾಗುತ್ತದೆ. ಸದಾ ಸುಸ್ತು, ಮೆಟ್ಟಿಲೇರಿದರೆ ಏದುಸಿರು, ಮುಟ್ಟಿನಲ್ಲಿ ಅತಿಯಾದ ಸ್ರಾವ ಇದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿ. ಇಂದು ರಾತ್ರಿಯ ಊಟದಲ್ಲಿ, ಅಡುಗೆ ಮಾಡಿದವರ ತಟ್ಟೆಗೂ ಮೊದಲೇ ಒಂದು ಪಾಲು ತೆಗೆದಿಡಿ.