ಕೆಳದನಿ ಕೇಳಿಸಬೇಕಾದರೆ

ನೀಲಗಾರರು ಕಥೆಗೆ ಕುಳಿತರೆಂದರೆ ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಬೆಳಗಾದದ್ದೇ ತಿಳಿಯುವುದಿಲ್ಲ. ಮಂಟೇಸ್ವಾಮಿಯ ಕಥೆ ಹೇಳುವ ಮುಖ್ಯ ಗಾಯಕನ ತಂಬೂರಿ ಮತ್ತು ಗಗ್ಗರ, ಜೊತೆಯವರ ದಮ್ಮಡಿ, ಸೊಲ್ಲು ಹಿಡಿಯುವ ಹಿಮ್ಮೇಳ. ಕೇಳುವವರ ಲಕ್ಷ್ಯವೆಲ್ಲ ಕಥೆಯ ಮೇಲೆಯೇ ಇರುತ್ತದೆ. ತಂಬೂರಿಯನ್ನು ಬೇರೆಯಾಗಿ ಕೇಳಲೆಂದು ಯಾರೂ ಬಂದಿರುವುದಿಲ್ಲ. ಆದರೆ ಅದು ಒಂದು ಗಳಿಗೆ ನಿಂತರೂ ಹಾಡಿಗೆ ಕಾಲಡಿಯ ನೆಲ ತಪ್ಪಿದಂತಾಗುತ್ತದೆ.

ಇಂದಿನ ರಸಮಂಜರಿ ಕಾರ್ಯಕ್ರಮಗಳಲ್ಲಿ, ಕಾಲೇಜು ವಾರ್ಷಿಕೋತ್ಸವದ ವಾದ್ಯಗೋಷ್ಠಿಗಳಲ್ಲಿ ಹೀಗೆ ಹಾಡಿಗೆ ನೆಲವಾಗಿ ನಿಲ್ಲುವ ವಾದ್ಯ ಬೇಸ್ ಗಿಟಾರ್. ತಂಬೂರಿ ಒಂದೇ ಶ್ರುತಿಯನ್ನು ಮೀಟುತ್ತಿದ್ದರೆ ಬೇಸ್ ಗಿಟಾರ್ ಹಾಡಿನ ಜೊತೆ ಹೆಜ್ಜೆ ಹಾಕುತ್ತದೆ. ಅದು ಪರದೇಶದ ವಾದ್ಯವೆಂದು ದೂರವಿಡಬೇಕಾಗಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ತಂಡ 2008ರಲ್ಲಿ ತಂದ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದವೂ ಬೇಸ್ ಗಿಟಾರು, ಡ್ರಮ್ಸುಗಳ ನಡುವೆಯೇ ನಿಂತಿತು.

ಒಂದು ಪೆಟ್ಟಿಗೆ, ಒಂದು ನಿರಾಸೆ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಉಮ್ಮತ್ತೂರಿನಿಂದ ದಿನವೂ ಬಸ್ಸಿನಲ್ಲಿ ಚಾಮರಾಜನಗರದ ಕಾಲೇಜಿಗೆ ಹೋಗಿಬರುವ ಹುಡುಗನೊಬ್ಬ ಬೇಸ್ ಗಿಟಾರ್ ಕಲಿತಿದ್ದಾನೆ. ಅರಿಶಿನ ಮಾರಿದ ದುಡ್ಡಿನಲ್ಲಿ ಅಪ್ಪ ಅವನಿಗೊಂದು ಡಿಜಿಟಲ್ ಪೆಟ್ಟಿಗೆ ಕೊಡಿಸಿದ್ದಾನೆ. ಅಂಗಡಿಯಲ್ಲಿ ಅದರ ಹೆಸರು ಮಲ್ಟಿ ಎಫೆಕ್ಟ್ಸ್ ಮಾಡೆಲರ್. ಎರಡು ತಿಂಗಳು ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿಕೊಂಡು ಹುಡುಗ ಅದರ ಗುಂಡಿಗಳನ್ನು ತಿರುಗಿಸಿ ತನಗೊಪ್ಪುವ ನಾದವೊಂದನ್ನು ಹೊಂದಿಸಿದ್ದಾನೆ. ವಾರ್ಷಿಕೋತ್ಸವದ ದಿನ ಅಪ್ಪ ಅಮ್ಮ ಇಬ್ಬರೂ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಮೊದಲ ಹಾಡಿನಲ್ಲಿ ಸಭಾಂಗಣವೆಲ್ಲ ‘ಗುಂ’ ಎಂದು ಅದುರಿತು. ಮೈಕ್‌ಸೆಟ್ಟಿನವರು ಏನನ್ನೋ ತಿರುಗಿಸಿದರು. ಎರಡನೆಯ ಹಾಡಿನಿಂದ ಬೇಸ್ ಗಿಟಾರ್ ಇದೆಯೋ ಇಲ್ಲವೋ ತಿಳಿಯದಾಯಿತು. ಬಸ್ಸು ಹತ್ತುವಾಗ ಅಪ್ಪ ಕೇಳಿದ್ದು ಒಂದೇ ಮಾತು: “ಯಾಕ್ಲಾ ಮಗ, ನಿಂದು ಕೇಳ್ನೇ ಇಲ್ವಲ್ಲ?”

ಪೆಟ್ಟಿಗೆ ಕೆಟ್ಟದ್ದೆ? ಹುಡುಗನ ಬೆರಳಿಗೆ ಅಭ್ಯಾಸ ಸಾಲದೆ? ಎರಡೂ ಅಲ್ಲ. ಹೊಂದಿಸಿದ ಜಾಗ ಒಂದು, ಕೇಳಿಸಬೇಕಾದ ಜಾಗ ಇನ್ನೊಂದು. ಇದನ್ನು ಅರಿಯಲು ಆ ಪೆಟ್ಟಿಗೆ ಮಾಡುವುದೇನು ಎಂಬುದನ್ನು ಮೊದಲು ನೋಡಬೇಕು.

ಪೆಟ್ಟಿಗೆಯೊಳಗಿನ ಕೆಲಸ

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಈ ವಾದ್ಯದ ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಉಳಿದ ಮೂರು ಕ್ರಮವಾಗಿ 55, 73 ಮತ್ತು 98 ಬಾರಿ. ಇಷ್ಟು ತಗ್ಗಿನ ದನಿಯನ್ನು ಸಭೆಗೆ ಮುಟ್ಟಿಸಲು ದೊಡ್ಡ ಸ್ಪೀಕರು, ಹೆಚ್ಚು ಶಕ್ತಿ ಬೇಕು. 1969ರಲ್ಲಿ ಬಂದ ಆಂಪೆಗ್ ಕಂಪನಿಯ ಎಸ್‌ವಿಟಿ ಎಂಬ ಆಂಪ್ಲಿಫೈಯರ್ 300 ವಾಟ್‌ನದು. ಅದರ ತೂಕವೇ 35 ಕಿಲೋಗಿಂತ ಹೆಚ್ಚು. ಅದಕ್ಕೆ ಸೇರಿದ, ಹತ್ತಿಂಚಿನ ಸ್ಪೀಕರುಗಳನ್ನು ಜೋಡಿಸಿದ ಪೆಟ್ಟಿಗೆಗಳ ತೂಕ ಬೇರೆ. ಅದನ್ನು ಉಮ್ಮತ್ತೂರಿನ ಬಸ್ಸಿಗೆ ಹತ್ತಿಸುವ ಮಾತಿಲ್ಲ.

ಆ ಭಾರವಾದ ಯಂತ್ರದ ನಾದವನ್ನು ಲೆಕ್ಕದಿಂದ ಮೂಡಿಸುವುದೇ ಮಾಡೆಲರ್‌ನ ಕೆಲಸ. ಗಿಟಾರಿನ ತಂತಿಯ ಕೆಳಗೆ ಆಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುತ್ತವೆ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಇದು ವಿಜ್ಞಾನದ ಪಠ್ಯಪುಸ್ತಕದಲ್ಲಿ ಬರುವ ವಿದ್ಯುತ್ಕಾಂತೀಯ ಪ್ರೇರಣೆಯೇ. ಪೆಟ್ಟಿಗೆ ಆ ವಿದ್ಯುತ್ತಿನ ಏರಿಳಿತವನ್ನು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆದು ಅಂಕಿಗಳಾಗಿಸುತ್ತದೆ. ಆಂಪ್ಲಿಫೈಯರಿನ ವಾಲ್ವು ಏನು ಮಾಡುತ್ತಿತ್ತು, ಸ್ಪೀಕರು ಏನು ಮಾಡುತ್ತಿತ್ತು ಎಂಬುದನ್ನು ಆ ಅಂಕಿಗಳ ಮೇಲೆ ಲೆಕ್ಕ ಮಾಡಿ ಮತ್ತೆ ವಿದ್ಯುತ್ತಾಗಿಸಿ ಹೊರಗೆ ಕಳಿಸುತ್ತದೆ.

ಸ್ಪೀಕರಿನ ಗುಣವನ್ನು ಅಂಕಿಗಳಲ್ಲಿ ಹಿಡಿಯುವ ಉಪಾಯ ಸ್ವಾರಸ್ಯವಾದದ್ದು. ವಿಜಯಪುರದ ಗೋಳಗುಮ್ಮಟದಲ್ಲಿ ಒಂದೇ ಒಂದು ಚಪ್ಪಾಳೆ ತಟ್ಟಿದರೆ ಸಾಕು, ಬರುವ ಮಾರ್ದನಿಯಿಂದಲೇ ಆ ಕಟ್ಟಡದ ಸ್ವಭಾವ ತಿಳಿಯುತ್ತದೆ. ಹಾಗೆಯೇ ಸ್ಪೀಕರಿಗೆ ಒಂದು ಪರೀಕ್ಷೆಯ ಸದ್ದನ್ನು ಕೊಟ್ಟು, ಅದು ಹೊರಡಿಸಿದ್ದನ್ನು ಮೈಕಿನಲ್ಲಿ ಹಿಡಿದು ಇಟ್ಟುಕೊಂಡರೆ, ಮುಂದೆ ಯಾವ ಸ್ವರಕ್ಕೆ ಬೇಕಾದರೂ ಆ ಸ್ಪೀಕರಿನ ಬಣ್ಣವನ್ನು ಹಚ್ಚಬಹುದು.

ಈ ಬಗೆಯ ಯಂತ್ರಗಳು ತೊಂಬತ್ತರ ದಶಕದಲ್ಲಿ ಬಂದವು. ಜಪಾನಿನ ರೋಲ್ಯಾಂಡ್ ಕಂಪನಿಯ ವಿಜಿ-8 1995ರದು. ಅಮೆರಿಕದ ಲೈನ್ 6 ಕಂಪನಿ 1998ರಲ್ಲಿ ತಂದ ‘ಪಾಡ್’ ಎಂಬ ಕೆಂಪು ಪೆಟ್ಟಿಗೆ ಅವರೆಕಾಳಿನ ಆಕಾರದಲ್ಲಿತ್ತು. 2011ರಲ್ಲಿ ಜರ್ಮನಿಯ ಕೆಂಪರ್, 2015ರಲ್ಲಿ ಲೈನ್ 6ರ ಹೀಲಿಕ್ಸ್ ಬಂದ ಮೇಲೆ ದೊಡ್ಡ ದೊಡ್ಡ ಕಲಾವಿದರೂ ಆಂಪ್ಲಿಫೈಯರ್ ಹೊರುವುದನ್ನು ಬಿಟ್ಟರು. ನಮ್ಮ ನಾಡಿಗೂ ಈ ದಾರಿ ಹೊಸತಲ್ಲ. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜನಾರಾಯಣ್ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದು 1979ರಲ್ಲಿ. ಆಗಲೂ ‘ಪೆಟ್ಟಿಗೆಗೆ ತಂಬೂರಿಯ ಜೀವ ಬಂದೀತೆ’ ಎಂಬ ಪ್ರಶ್ನೆ ಇತ್ತು. ಇಂದು ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿ ಶ್ರುತಿಗೆ ಅಂಥದೇ ಪೆಟ್ಟಿಗೆ ಇದೆ.

ಕಿವಿಯ ಮೋಸ

ಈಗ ಉಮ್ಮತ್ತೂರಿನ ಹುಡುಗನ ಬಳಿಗೆ ಮರಳಬಹುದು. ಮನುಷ್ಯನ ಕಿವಿಗೆ ಒಂದು ಗುಣವಿದೆ. ಸದ್ದು ಮೆಲ್ಲಗಿದ್ದಾಗ ತಗ್ಗಿನ ದನಿಗಳು ಅದಕ್ಕೆ ಇನ್ನೂ ಮೆಲ್ಲಗೆ ಕೇಳಿಸುತ್ತವೆ. ಸದ್ದು ಏರಿದಂತೆ ತಗ್ಗಿನ ದನಿಗಳು ಬೇಗ ಬೇಗ ತುಂಬಿಬರುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದರು.

ಮನೆಯವರಿಗೆ ನಿದ್ದೆಗೆಡಬಾರದೆಂದು ಹುಡುಗ ಹೆಡ್‌ಫೋನನ್ನು ಮೆಲ್ಲಗೆ ಇಟ್ಟುಕೊಂಡಿದ್ದ. ತಗ್ಗಿನ ದನಿ ಸಾಲದೆನಿಸಿತು, ಅದನ್ನು ಏರಿಸಿದ. ಒಂಟಿಯಾಗಿ ಕೇಳುವಾಗ ನಡುವಿನ ದನಿ ಒರಟೆನಿಸಿತು, ಅದನ್ನು ಇಳಿಸಿದ. ವೇದಿಕೆಯ ಅಬ್ಬರದಲ್ಲಿ ಅದೇ ನಾದ ಉಬ್ಬಿ ಸಭಾಂಗಣವನ್ನೆಲ್ಲ ತುಂಬಿತು. 41 ಕಂಪನದ ದನಿಯ ಒಂದು ಅಲೆ ಸುಮಾರು 8 ಮೀಟರ್ ಉದ್ದ. ಅದು ಗೋಡೆಗೆ ಬಡಿದು ಮರಳಿ ಕೆಲವು ಕಡೆ ಮೇಲೆ ಮೇಲೆ ಸೇರುತ್ತದೆ, ಕೆಲವು ಕಡೆ ಇಲ್ಲವಾಗುತ್ತದೆ. ಗುಂಗುಡುವುದನ್ನು ಕೇಳಿ ಮೈಕ್‌ಸೆಟ್ಟಿನವರು ಬೇಸ್ ಗಿಟಾರನ್ನೇ ಇಳಿಸಿದರು. ಅವರು ಮಾಡಿದ್ದು ತಪ್ಪಲ್ಲ. ಆದರೆ ಇಳಿಸಿದ ಮೇಲೆ ಉಳಿಯಬೇಕಾಗಿದ್ದ ನಡುವಿನ ದನಿಯನ್ನು ಹುಡುಗ ಮೊದಲೇ ತೆಗೆದುಹಾಕಿದ್ದ. ಕೇಳಿಸಲು ಏನೂ ಉಳಿಯಲಿಲ್ಲ.

ತಂತಿ ಮೀಟಿದಾಗ 41 ಮಾತ್ರವಲ್ಲ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ ಮೇಲಿನ ದನಿಗಳೂ ಹುಟ್ಟುತ್ತವೆ. ಸಣ್ಣ ಸ್ಪೀಕರು 41ನ್ನು ಸರಿಯಾಗಿ ಹೊರಡಿಸಲಾರದು. ಆದರೂ 82, 123, 164 ಕೇಳಿಸಿದರೆ ಮಿದುಳು ಬುಡದ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯ ಕೆಳಗೆ ದಾರದ ಎಳೆ ಇಡುವುದೂ ಈ ಮೇಲಿನ ದನಿಗಳನ್ನು ಅರಳಿಸುವುದಕ್ಕಾಗಿಯೇ. ದಾರ ತೆಗೆದರೆ ತಂಬೂರಿ ಮಂಕಾಗುತ್ತದೆ. ನಡುವಿನ ದನಿ ತೆಗೆದರೆ ಬೇಸ್ ಗಿಟಾರ್ ಮರೆಯಾಗುತ್ತದೆ.

ವೇದಿಕೆಗೆ ಮೊದಲು

ಆದುದರಿಂದ ನಾದವನ್ನು ಹೆಡ್‌ಫೋನಿನಲ್ಲಿ ಆರಂಭಿಸಬಹುದು, ಅಲ್ಲಿಯೇ ಮುಗಿಸಬಾರದು. ಜೊತೆಯ ವಾದ್ಯಗಳೊಡನೆ, ವೇದಿಕೆಯಲ್ಲಿರುವಷ್ಟೇ ಜೋರಾಗಿ, ಒಮ್ಮೆಯಾದರೂ ನುಡಿಸಿ ನೋಡಬೇಕು. ಒಂಟಿಯಾಗಿ ಕೇಳಿದಾಗ ತುಸು ಒರಟೆನಿಸಿದ ನಾದವೇ ತಂಡದ ನಡುವೆ ಸ್ಪಷ್ಟವಾಗಿರುತ್ತದೆ. 30-40 ಕಂಪನಕ್ಕಿಂತ ಕೆಳಗಿನದನ್ನು ಕತ್ತರಿಸುವ ಸೋಸು ಪೆಟ್ಟಿಗೆಯಲ್ಲಿದ್ದರೆ ಬಳಸುವುದು ಲೇಸು. ಅಲ್ಲಿರುವುದು ಹೆಚ್ಚಾಗಿ ಅದುರಾಟವೇ ಹೊರತು ಸ್ವರವಲ್ಲ.

ಪೆಟ್ಟಿಗೆಯಲ್ಲಿ ನೂರಾರು ಪರಿಣಾಮಗಳಿರುತ್ತವೆ. ಬೇಸ್ ಗಿಟಾರಿಗೆ ನಿತ್ಯ ಬೇಕಾದವು ಎರಡು ಮೂರು. ಬೆರಳಿನ ಏಟು ಒಂದು ಜೋರು ಒಂದು ಮೆಲ್ಲಗಾದಾಗ ಅದನ್ನು ಸರಿದೂಗಿಸುವ ಕಂಪ್ರೆಸರ್ ಒಂದು. ನಾದಕ್ಕೆ ಕಾವು ಕೊಡುವ ಓವರ್‌ಡ್ರೈವ್ ಇನ್ನೊಂದು. ಇದನ್ನು ಬಳಸುವಾಗ ತಗ್ಗಿನ ದನಿ ಸೊರಗದಂತೆ, ಬೆರೆಸದ ಶುದ್ಧ ನಾದವನ್ನೂ ಜೊತೆಗೆ ಹರಿಯಬಿಡಬೇಕು. ಹಾಡಿಗೊಂದು ನಾದ ಬದಲಾಯಿಸುವುದಾದರೆ ಎಲ್ಲದರ ಜೋರು ಒಂದೇ ಸಮವಾಗಿರುವಂತೆ ಮೊದಲೇ ನೋಡಿಕೊಳ್ಳಬೇಕು. ಮೊದಲ ಸಲ ವೇದಿಕೆ ಏರುವವರಿಗೆ ಒಂದೇ ನಾದ ಸಾಕು.

ಪೆಟ್ಟಿಗೆಯಿಂದ ನೇರವಾಗಿ ಮೈಕ್‌ಸೆಟ್ಟಿನ ಮಿಕ್ಸರಿಗೆ ಹೋಗುವಾಗ ಸ್ಪೀಕರಿನ ಅನುಕರಣೆ ಚಾಲೂ ಇರಬೇಕು. ಅದೇ ಪೆಟ್ಟಿಗೆಯನ್ನು ಬೇಸ್ ಆಂಪ್ಲಿಫೈಯರಿಗೆ ಜೋಡಿಸಿದರೆ ಅದನ್ನು ಆರಿಸಬೇಕು. ಇಲ್ಲವಾದರೆ ಒಂದು ಸ್ಪೀಕರಿನ ನಾದ ಇನ್ನೊಂದು ಸ್ಪೀಕರಿನಲ್ಲಿ ಹಾದು ಮಸುಕಾಗುತ್ತದೆ. ಮಿಕ್ಸರ್ ದೂರವಿದ್ದರೆ ಮೂರು ಪಿನ್ನಿನ ಮೈಕ್ ಕೇಬಲ್ ಬಳಸಬೇಕು. ಉದ್ದನೆಯ ಗಿಟಾರ್ ಕೇಬಲ್ ದಾರಿಯುದ್ದಕ್ಕೂ ಗೊರಗೊರ ಸದ್ದನ್ನು ಸೇರಿಸಿಕೊಳ್ಳುತ್ತದೆ. ಲೆಕ್ಕ ಮಾಡಲು ಪೆಟ್ಟಿಗೆಗೆ ಸಮಯ ಹಿಡಿದು ತಾಳ ತಪ್ಪೀತೆಂಬ ಭಯ ಬೇಡ. ತಡವಾಗುವುದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗ. ಮೂರು ಭಾಗವೆಂದರೆ ಸ್ಪೀಕರಿನಿಂದ ಒಂದು ಮೀಟರ್ ದೂರ ನಿಂತಷ್ಟೇ.

ತಾಯಿತಂದೆಯರು ಗಮನಿಸಲೇಬೇಕಾದ ಮಾತೊಂದಿದೆ. ವೇದಿಕೆಯಲ್ಲಿ ‘ಗುಂಯ್’ ಎಂಬ ಸದ್ದು ಬಂದಾಗ ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಮುರಿಯುವ, ಬಿಟ್ಟುಹಾಕುವ ರೂಢಿ ಕೆಲವೆಡೆ ಉಂಟು. ಇದು ಜೀವಕ್ಕೆ ಅಪಾಯ. ಲೋಹದ ತಂತಿ ಹಿಡಿದ ಕೈ, ಲೋಹದ ಮೈಕಿನ ಬಳಿಯ ತುಟಿ, ಇವೆರಡರ ನಡುವೆ ವಿದ್ಯುತ್ ಹರಿದರೆ ಆಗುವ ಅನಾಹುತ ದೊಡ್ಡದು. ಗುಂಯ್ ಸದ್ದು ನಿಲ್ಲಿಸಲು ಹಲವು ಪೆಟ್ಟಿಗೆಗಳಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಗುಂಡಿ ಇರುತ್ತದೆ. ಅದು ಬಿಡಿಸುವುದು ನಾದದ ಕೇಬಲ್ಲಿನ ನೆಲಸಂಪರ್ಕವನ್ನು ಮಾತ್ರ, ಕರೆಂಟಿನ ಅರ್ಥಿಂಗನ್ನಲ್ಲ. ಇನ್ನು, ಕರೆಂಟು ಹೋಗಿ ಜನರೇಟರ್ ಬರುವಷ್ಟರಲ್ಲಿ ಪೆಟ್ಟಿಗೆ ಆರಿ ಮತ್ತೆ ಹತ್ತಬೇಕಾಗುತ್ತದೆ. ಕೆಲವು ಯಂತ್ರಗಳಿಗೆ ಅದಕ್ಕೆ ಅರ್ಧ ನಿಮಿಷವೂ ಹಿಡಿಯಬಹುದು. ಪೆಟ್ಟಿಗೆ ಕೈಕೊಟ್ಟರೂ ಗಿಟಾರನ್ನು ನೇರವಾಗಿ ಜೋಡಿಸಿ ನುಡಿಸಲು ಇನ್ನೊಂದು ಕೇಬಲ್ಲನ್ನೂ ಡಿಐ ಪೆಟ್ಟಿಗೆಯನ್ನೂ ಹತ್ತಿರ ಇಟ್ಟುಕೊಂಡಿರುವುದು ಜಾಣತನ.

ದುಡ್ಡು ಯಾವುದಕ್ಕೆ?

ಮಗ ಅಥವಾ ಮಗಳು ಇಂಥ ಪೆಟ್ಟಿಗೆ ಕೇಳಿದಾಗ ಕೊಡಿಸಬೇಕೇ? ಕೊಡಿಸಬಹುದು. ಶ್ರುತಿ ನೋಡುವ ಸಾಧನ, ಎಷ್ಟೋ ಪೆಟ್ಟಿಗೆಗಳಲ್ಲಿ ತಾಳದ ಸದ್ದು, ರಾತ್ರಿ ಹೊತ್ತು ಯಾರಿಗೂ ತೊಂದರೆಯಿಲ್ಲದ ಅಭ್ಯಾಸ, ಎಲ್ಲವೂ ಒಂದರಲ್ಲೇ ಸಿಗುತ್ತವೆ. ಆದರೆ ಅದು ಮೊದಲ ಖರ್ಚಲ್ಲ. ಕೈಗೆ ಹೊಂದುವ ವಾದ್ಯ, ಹೊಸ ತಂತಿ, ಗಟ್ಟಿಯಾದ ಕೇಬಲ್, ತಪ್ಪನ್ನು ತಿದ್ದುವ ಗುರು, ಇವು ಮೊದಲು. ಸ್ವರ ಹುಟ್ಟುವುದು ಬೆರಳಿನ ತುದಿಯಲ್ಲಿ. ಪೆಟ್ಟಿಗೆ ಅದಕ್ಕೆ ಬಟ್ಟೆ ತೊಡಿಸುತ್ತದೆ ಅಷ್ಟೆ.

ದುಡ್ಡಿಲ್ಲದೆ ಹಿರಿಯರು ಮಾಡಬಹುದಾದ ಸಹಾಯವೂ ಒಂದಿದೆ. ವೇದಿಕೆಯ ಮೇಲಿರುವವರಿಗೆ ಸಭೆಯಲ್ಲಿ ತಮ್ಮ ದನಿ ಹೇಗೆ ಕೇಳಿಸುತ್ತಿದೆ ಎಂಬುದು ಗೊತ್ತಾಗುವುದೇ ಇಲ್ಲ. ಕಾರ್ಯಕ್ರಮಕ್ಕೆ ಮೊದಲು ಸದ್ದು ಪರೀಕ್ಷೆ ನಡೆಯುವಾಗ ಅಪ್ಪನೋ ಅಮ್ಮನೋ ಮೂರನೆಯ ಸಾಲಿನಲ್ಲಿ, ಬಳಿಕ ಕೊನೆಯ ಸಾಲಿನಲ್ಲಿ ನಿಂತು ಕೇಳಬೇಕು. ಕೆಳದನಿಯ ಸ್ವರಗಳು ಬಿಡಿಬಿಡಿಯಾಗಿ ಕೇಳಿಸುತ್ತಿವೆಯೆ, ಇಲ್ಲವೆ ಬರೀ ‘ಗುಂ’ ಎನ್ನುತ್ತಿವೆಯೆ ಎಂದು ಕೈಸನ್ನೆಯಲ್ಲಿ ತಿಳಿಸಿದರೆ ಸಾಕು. ಇದಕ್ಕೆ ಗಿಟಾರಿನ ಜ್ಞಾನ ಬೇಕಿಲ್ಲ. ರಾತ್ರಿಯಿಡೀ ನೀಲಗಾರರ ಕಥೆ ಕೇಳಿದ ಕಿವಿ, ತಂಬೂರಿ ನಿಂತರೆ ಕೂಡಲೇ ತಿಳಿಯುವ ಕಿವಿ, ಉಮ್ಮತ್ತೂರಿನ ಕಡೆಯ ಅಪ್ಪ ಅಮ್ಮಂದಿರಿಗೆ ಮೊದಲೇ ಇದೆ.