ಕಲಂಕಾರಿ ಸೀರೆಗೆ ಬೇಕು ಕಲಾವಿದರ ಹೆಸರು

ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಮಿನಿಂದ ಬಟ್ಟೆಯ ಮೇಲೆ ಬರೆಯುವ ಕಲಂಕಾರಿ ಚಿತ್ರ ಈಗ ಸೀರೆ, ದುಪಟ್ಟಾ ದಾಟಿ ಕೈಚೀಲ, ಪರ್ಸುಗಳಿಗೂ ಬಂದಿದೆ. ದೇವಾಲಯಗಳಲ್ಲಿ ಇಳಿಬಿಡುತ್ತಿದ್ದ ರಾಮಾಯಣ, ಮಹಾಭಾರತದ ಪಟಗಳ ಕಲೆಯನ್ನು ಹೀಗೆ ಬಿಡಿಬಿಡಿಯಾಗಿ ಮಾರುವುದು ಪರಂಪರೆಗೆ ಅಪಚಾರ ಎಂದು ಗೊಣಗುವವರಿದ್ದಾರೆ. ಇತಿಹಾಸ ಅವರ ಪರವಾಗಿಲ್ಲ. ಕೋರಮಂಡಲ ತೀರದ ಚಿತ್ರಿತ ಬಟ್ಟೆ ಗಿರಾಕಿಯನ್ನು ನೋಡಿಯೇ ರೂಪ ಬದಲಿಸುತ್ತ ಬಂದದ್ದು. ಗೋಲ್ಕೊಂಡ ಸುಲ್ತಾನರ ಕಾಲದಲ್ಲಿ ಪರ್ಷಿಯದ ಹೂಬಳ್ಳಿ ಸೇರಿತು. ಯುರೋಪಿನವರ ಹಾಸುಹೊದಿಕೆಗಳಿಗಾಗಿ ಹೂಬಿಟ್ಟ ಮರಗಳು ಮೂಡಿದವು. ಈ ಬಟ್ಟೆಯ ಬೇಡಿಕೆಗೆ ಬೆದರಿ ಫ್ರಾನ್ಸ್ 1686ರಲ್ಲಿ ನಿಷೇಧ ಹೇರಿದರೆ, ಇಂಗ್ಲೆಂಡ್ 1700 ಮತ್ತು 1721ರಲ್ಲಿ ಕಾಯ್ದೆಗಳನ್ನೇ ತಂದಿತು. ಮುಂದೆ ಕಾಳಹಸ್ತಿಯಲ್ಲಿ ಕಸುಬು ಬಲ್ಲವರು ವಿರಳವಾಗಿದ್ದಾಗ, ಕರಕುಶಲ ಚಳವಳಿಯ ನಾಯಕಿ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಮುತುವರ್ಜಿಯಿಂದ 1957ರಲ್ಲಿ ಅಲ್ಲಿ ತರಬೇತಿ ಕೇಂದ್ರ ಆರಂಭವಾಯಿತು. ಕಲಿತವರಿಗೆ ಅನ್ನ ಹುಟ್ಟಬೇಕಾದರೆ ಪಟಗಳಷ್ಟೇ ಸಾಲವು, ಉಡುವ ಬಟ್ಟೆಯೂ ಬೇಕು.

ಆದರೆ ಪಟವನ್ನು ಹಾಗೆಯೇ ಸೀರೆಗಿಳಿಸಿದರೆ ಕೆಲಸ ಕೆಡುತ್ತದೆ. ಪಟ ಗೋಡೆಯ ಮೇಲೆ ಪೂರ್ತಿ ಹರಡಿರುತ್ತದೆ. ಕಣ್ಣು ಚೌಕದಿಂದ ಚೌಕಕ್ಕೆ ಸಾಗಿ ಕಥೆ ಓದುತ್ತದೆ. ಸೀರೆ ಉಟ್ಟಾಗ ನೆರಿಗೆಯಲ್ಲಿ ಅರ್ಧ ಮುಚ್ಚಿಹೋಗುತ್ತದೆ, ಬಿಚ್ಚಿ ಕಾಣುವುದು ಸೆರಗು ಮಾತ್ರ. ಆದ್ದರಿಂದ ಕಥೆಯನ್ನು ಸೆರಗಿಗೆ ಕೊಟ್ಟು, ಒಡಲಿಗೆ ಬಳ್ಳಿಯನ್ನೋ ಬುಟ್ಟಾವನ್ನೋ ಬಿಟ್ಟು, ನೆರಿಗೆಯ ಭಾಗ ಖಾಲಿ ಉಳಿಸುವವರೇ ಜಾಣ ವಿನ್ಯಾಸಕರು. ಚೀಲದ ಅಳತೆಗೆ ಒಂದು ನವಿಲು ಸಾಕು. ದೊಡ್ಡ ಪಟವನ್ನು ಕತ್ತರಿಸಿ ಕೃಷ್ಣನ ಅರ್ಧ ಮುಖವನ್ನು ಜಿಪ್ಪಿನ ಪಕ್ಕ ಹೊಲಿಯುವುದು ಸೋಮಾರಿತನ. (ಅಲ್ಲಿ ಗೊಣಗುವವರ ಮಾತೇ ಸರಿ.)

ನನ್ನ ತಕರಾರು ವಿನ್ಯಾಸದ ಬಗ್ಗೆ ಅಲ್ಲ, ಮಾರಾಟದ ಬಗ್ಗೆ. ಮಾರುವಾಗ ಮರೆಯಾಗುವ ಶ್ರಮ ಎಷ್ಟೆಂದು ನೋಡಿ. ಕಾಳಹಸ್ತಿಯಲ್ಲಿ ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸುತ್ತಾರೆ. ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಸಿದ ರಸ ಅಳಲೆಯ ಒಗರಿಗೆ ತಗುಲಿದೊಡನೆ ಕಪ್ಪಾಗುತ್ತದೆ. ಬಿದಿರು ಕಡ್ಡಿಗೆ ಉಣ್ಣೆ ಸುತ್ತಿದ್ದೇ ಕಲಮು; ಆ ಉಣ್ಣೆಯನ್ನು ಬೆರಳಲ್ಲಿ ಒತ್ತಿ ಗೆರೆ ಎಳೆಯುತ್ತಾರೆ. ಕೆಂಪಿಗೆ ಮೊದಲು ಪಟಿಕದ ನೀರು, ಆಮೇಲೆ ಬೇರಿನ ಬಣ್ಣದಲ್ಲಿ ಕುದಿಸುವುದು. ನಡುನಡುವೆ ತೊಳೆತ, ಒಣಗಿಸುವುದು. ವಾರಗಳು ಹಿಡಿಯುವ ಈ ಕೆಲಸದ ಪಕ್ಕದಲ್ಲೇ ಯಂತ್ರದಲ್ಲಿ ಮುದ್ರಿಸಿದ ಪಾಲಿಯೆಸ್ಟರ್ ಕೂಡ ‘ಕಲಂಕಾರಿ’ ಹೆಸರಲ್ಲೇ ಮಾರಾಟವಾಗುತ್ತಿದೆ. ಮಚಲಿಪಟ್ಟಣ, ಪೆಡನದ ಮರದಚ್ಚಿನ ಕಲಂಕಾರಿಯದ್ದು ಬೇರೆಯದೇ ಮರ್ಯಾದಸ್ತ ಪರಂಪರೆ. ಕಾಳಹಸ್ತಿ, ಮಚಲಿಪಟ್ಟಣ ಎರಡರ ಕಲಂಕಾರಿಗೂ ಪ್ರತ್ಯೇಕ ಭೌಗೋಳಿಕ ಸೂಚಿ ಮಾನ್ಯತೆಯಿದೆ. ಅಂಗಡಿಯ ಕಪಾಟಿನಲ್ಲಿ ಮಾತ್ರ ಕಲಮು, ಅಚ್ಚು, ಯಂತ್ರ ಮೂರೂ ಒಂದೇ.

ಕೈಮಗ್ಗ ಮುದ್ರೆಯೂ ಈ ಗೊಂದಲ ಬಿಡಿಸದು: ಅದು ಬಟ್ಟೆ ನೇಯ್ದದ್ದು ಹೇಗೆಂದು ಹೇಳುತ್ತದೆಯೇ ಹೊರತು ಮೇಲೆ ಚಿತ್ರ ಬರೆದದ್ದು ಹೇಗೆಂದಲ್ಲ. ವಿನ್ಯಾಸಕರ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕುವ ಚೀಟಿಯಲ್ಲಿ ಗೆರೆ ಎಳೆದವರ ಹೆಸರು, ಊರು, ಬಣ್ಣ ಗಿಡಮೂಲದ್ದೋ ರಾಸಾಯನಿಕವೋ ಎಂಬುದು ಏಕಿರಬಾರದು? ರಾಸಾಯನಿಕ ಬಣ್ಣ ಬಳಸುವುದು ಅಪರಾಧವಲ್ಲ, ಮುಚ್ಚಿಡುವುದು ಅಪರಾಧ. ಸರ್ಕಾರಿ ಮಳಿಗೆಗಳು, ಕರಕುಶಲ ಮೇಳಗಳು ಇದನ್ನು ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಕೊಳ್ಳುವವರೇ ಕೇಳಬೇಕು: ಇದು ಕಲಮಿನದೋ, ಅಚ್ಚಿನದೋ, ಯಂತ್ರದ್ದೋ? ಬರೆದವರು ಯಾರು? ಉತ್ತರ ಸಿಗದಿದ್ದರೆ ಕೈಕೆಲಸದ ಬೆಲೆ ಕೊಡಬೇಡಿ.