ನೆಲ ನೋಡದ ಎಸ್ಟಿಮೇಟು

ಮಧುಗಿರಿಯಲ್ಲಿ ಪಾಯ ತೋಡಿಸಿದವರಿಗೆ ಗೊತ್ತು: ಸೈಟಿನ ಒಂದು ಮೂಲೆಯಲ್ಲಿ ಆಳುದ್ದ ಗರಸು ಸಿಕ್ಕರೆ, ಎದುರು ಮೂಲೆಯಲ್ಲಿ ಮೊಣಕಾಲುದ್ದಕ್ಕೇ ಹಾಸುಬಂಡೆ. ಏಕಶಿಲೆಯ ಬೆಟ್ಟ ಊರ ಮೇಲೆ ಎದ್ದು ಕಾಣುತ್ತದೆ. ಅದರ ನೆಂಟರು ನೆಲದಡಿ ಎಲ್ಲೆಲ್ಲಿ ಮಲಗಿದ್ದಾರೆ ಎಂಬುದು ಗುದ್ದಲಿ ಬಿದ್ದ ಮೇಲೇ ತಿಳಿಯುವುದು. ಆದರೂ ಚರಂಡಿಗೋ ಚೆಕ್ ಡ್ಯಾಮಿಗೋ ಎಸ್ಟಿಮೇಟು ಬರೆಯುವಾಗ ಇಷ್ಟು ಪಾಲು ಮಣ್ಣು, ಇಷ್ಟು ಮೆದುಬಂಡೆ, ಇಷ್ಟು ಗಟ್ಟಿಬಂಡೆ ಎಂದು ಹಳೆಯ ಫೈಲಿನ ಅನುಪಾತವನ್ನೇ ಇಳಿಸುವ ಚಾಳಿ ಹೋಗಿಲ್ಲ.

ಮಣ್ಣಿನ ದರಕ್ಕೂ ಗಟ್ಟಿಬಂಡೆಯ ದರಕ್ಕೂ ಇರುವ ಅಂತರ ಸಣ್ಣದಲ್ಲ. ಹಾಗಾಗಿ ಜಗಳ ಹುಟ್ಟುವುದೂ ಅಲ್ಲಿಯೇ, ದುಡ್ಡು ಸೋರುವುದೂ ಅಲ್ಲಿಯೇ. ಹಳ್ಳದಲ್ಲಿ ಅಳೆಯಲಾಗದ ಬಂಡೆಯನ್ನು ಮೇಲೆ ಪೇರಿಸಿ ಅಳೆದರೆ, ಕಲ್ಲಿನ ಸಂದಿಗೆಂದು ಅರ್ಧಕ್ಕರ್ಧ ಕಳೆಯಬೇಕು ಎನ್ನುತ್ತವೆ ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮಗಳು. ಈ ಶೇ 50 ಗೊತ್ತಿಲ್ಲದವನು ಅಳತೆ ಪುಸ್ತಕ, ಅಂದರೆ ಎಂ.ಬಿ. ಬರೆದರೆ ಸರ್ಕಾರ ಗಾಳಿಗೂ ಬಿಲ್ಲು ಕಟ್ಟುತ್ತದೆ.

ಬ್ರಿಟನ್ನಿನಲ್ಲಿ ಇಂಥ ಲೆಕ್ಕಕ್ಕೆಂದೇ ಕ್ವಾಂಟಿಟಿ ಸರ್ವೇಯರ್ ಎಂಬ ಪ್ರತ್ಯೇಕ ವೃತ್ತಿ ಬೆಳೆದಿದೆ; ಅವರ ಸಂಸ್ಥೆ 1868ರಷ್ಟು ಹಳೆಯದು. ನಮ್ಮಲ್ಲಿ ಅದು ಜೂನಿಯರ್ ಎಂಜಿನಿಯರನ ಹತ್ತು ಕೆಲಸಗಳಲ್ಲಿ ಹನ್ನೊಂದನೆಯದು. ಡಿಪ್ಲೊಮಾದಲ್ಲಿ ಎಸ್ಟಿಮೇಟಿಂಗ್ ಪತ್ರಿಕೆ ಇದೆ, ಹುಡುಗರು ಎರಡು ಕೋಣೆಯ ಮನೆಯ ಡ್ರಾಯಿಂಗಿನಿಂದ ಇಟ್ಟಿಗೆ, ಕಾಂಕ್ರೀಟು, ಕಬ್ಬಿಣ ಲೆಕ್ಕ ಹಾಕಿ ಒಳ್ಳೆಯ ಅಂಕವನ್ನೂ ತೆಗೆಯುತ್ತಾರೆ. ಆ ಗುಣಾಕಾರವನ್ನು ಈಗ ಎಕ್ಸೆಲ್ ಶೀಟೇ ಮಾಡುತ್ತದೆ. ತೋಡಿದ ಗುಂಡಿಗೆ ಇಳಿದು ಇದು ಗರಸೋ ಮೆದುಬಂಡೆಯೋ ಎಂದು ಹೇಳಿ, ಆ ಮಾತಿಗೆ ಸಹಿ ಹಾಕುವುದನ್ನು ಯಾವ ಶೀಟು ಕಲಿಸೀತು?

ನೆಲದ ಬಗೆಯನ್ನು ತಪ್ಪಾಗಿ ಬರೆದರೆ ಪೆಟ್ಟು ಗುತ್ತಿಗೆದಾರನಿಗೆ ಮಾತ್ರ ಎಂದುಕೊಳ್ಳಬೇಡಿ. ಅವನು ಹೇಗೋ ಎಕ್ಸ್‌ಟ್ರಾ ಐಟಂ ಬರೆಸಿಕೊಂಡು ಪಾರಾಗುತ್ತಾನೆ. ಪಾವಗಡದ ಬಿಸಿಲಲ್ಲಿ ಕೃಷಿ ಹೊಂಡ ತೋಡುವ ಹೆಂಗಸಿನ ಪಾಡು ನೋಡಿ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದು ಹಾಜರಿಗೆ ಸಿಗುವ ಹಣವಲ್ಲ, ಅಳತೆಗೆ ಸಿಗುವ ಹಣ. ಹಾರೆ ಪುಟಿಯುವ ಗರಸನ್ನು ಎಂ.ಬಿ.ಯಲ್ಲಿ ಸಾದಾ ಮಣ್ಣು ಎಂದು ಬರೆದರೆ ಅಗೆದದ್ದು ಕಡಿಮೆ ಎಂದಾಗುತ್ತದೆ, ಕೂಲಿ ಕತ್ತರಿಸಿ ಬರುತ್ತದೆ. ಅವಳ ಕೈಯ ಬೊಬ್ಬೆಗೆ ಪುಸ್ತಕದಲ್ಲಿ ಕಾಲಂ ಇಲ್ಲ.

ಶಿರಾದ ಕಡೆ ಬೇರೆಯೇ ಕಥೆ. ಹೆದ್ದಾರಿ ಬದಿಯ ಬಡಾವಣೆಗಳಲ್ಲಿ ಮನೆ ಕಟ್ಟುವವರೆಲ್ಲ ‘ಚದರಕ್ಕೆ ಎಷ್ಟು’ ಎಂದೇ ಕೇಳುತ್ತಾರೆ. ನೂರು ಚದರಡಿಗೆ ಒಂದು ಬೆಲೆ, ಅಷ್ಟೆ. ಸಂಪು, ಪೋರ್ಟಿಕೋ, ಪ್ಯಾರಾಪೆಟ್ ಅದರೊಳಗೋ ಹೊರಗೋ ಎಂಬುದು ಗಾರೆ ಒಣಗುವ ಹೊತ್ತಿಗೆ ತಿಳಿಯುತ್ತದೆ.

ದೊಡ್ಡ ಯೋಜನೆಗಳಲ್ಲಿ ಇದೇ ಅನಿಶ್ಚಿತತೆ ಕೋಟಿಗಳಲ್ಲಿ ನಡೆಯುತ್ತದೆ. ಕೊರಟಗೆರೆಯ ಬೈರಗೊಂಡ್ಲು ಜಲಾಶಯವನ್ನೂ ಒಳಗೊಂಡ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ ಸುಮಾರು 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಅದರಲ್ಲಿ ಬೆಲೆ ಏರಿಕೆ, ಭೂಸ್ವಾಧೀನ, ವಿಳಂಬ ಎಲ್ಲ ಸೇರಿದೆ. ಇಡೀ ಹೊರೆಯನ್ನು ಅಳತೆ ಬರೆದವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಮೊದಲ ಅಂಕಿಯನ್ನು ಯಾರೂ ನಂಬದ ಸ್ಥಿತಿಗೆ ನಾವು ಒಗ್ಗಿಹೋಗಿದ್ದೇವೆ ಎಂಬುದಂತೂ ನಿಜ.

ಸಣ್ಣ ಕಾಮಗಾರಿಗಳಲ್ಲಾದರೂ ಟೆಂಡರಿಗೆ ಮುನ್ನ ನಾಲ್ಕಾರು ಪರೀಕ್ಷಾ ಗುಂಡಿ ತೋಡಿಸಿ, ಆಳ ಅಳೆದು, ಫೋಟೊ ತೆಗೆದು ಎಸ್ಟಿಮೇಟಿಗೆ ಲಗತ್ತಿಸಬಹುದು. ಹೊಸದಾಗಿ ಸೇರಿದ ಹುಡುಗ ಹುಡುಗಿಯರನ್ನು ಆ ಗುಂಡಿಗಳಿಗೆ ಇಳಿಸಿದರೆ ಅದೇ ತರಬೇತಿ. ಖರ್ಚು ಜೆಸಿಬಿಯ ಒಂದು ಮಧ್ಯಾಹ್ನದ ಬಾಡಿಗೆ. ಅದಕ್ಕೆ ಎಸ್ಟಿಮೇಟಿನಲ್ಲಿ ಐಟಂ ಇಲ್ಲ ಎಂಬ ಉತ್ತರ ಇಲಾಖೆಯವರ ಬಳಿ ಸಿದ್ಧವಾಗಿಯೇ ಇರುತ್ತದೆ. ಐಟಂ ಬರೆಯುವವರೂ ಅವರೇ.